ಗಂಡಸರ ಸೋಪಿಗೆ ಮುರುಗಲ ತುಪ್ಪ

ಅಂಗಡಿಯ ಕಪಾಟಿನಲ್ಲಿ ಗಂಡಸರ ಸೋಪನ್ನು ಬಣ್ಣದಿಂದಲೇ ಗುರುತಿಸಬಹುದು. ಇದ್ದಿಲುಗಪ್ಪು, ಕಡುನೀಲಿ, ಹೆಚ್ಚೆಂದರೆ ಕಡುಹಸಿರು. ರಸಾಯನಶಾಸ್ತ್ರಕ್ಕೆ ಮಾತ್ರ ಈ ಭೇದವಿಲ್ಲ. ಎಣ್ಣೆಗೆ ಕಾಸ್ಟಿಕ್ ಸೋಡಾ ಸೇರಿದರೆ ಯಾರಿಗಾದರೂ ಸೋಪೇ, ಜೊತೆಗೆ ಒಂದಿಷ್ಟು ಗ್ಲಿಸರಿನ್. ಕೈಯಿಂದ, ಬೇಯಿಸದೆ, ಕೋಲ್ಡ್ ಪ್ರೊಸೆಸ್ ಪದ್ಧತಿಯಲ್ಲಿ ಸೋಪು ಮಾಡುವವರು ಗಂಡಸರಿಗೆಂದೇ ಲೆಕ್ಕ ಹಾಕಲು ಕೂತರೆ ನಿಜಕ್ಕೂ ತಲೆ ಕೆಡಿಸುವುದು ಎರಡೇ: ವಾಸನೆ, ಗಡ್ಡ.

ವಾಸನೆಯದು ಸಣ್ಣ ತಕರಾರು. ನಿಂಬೆ, ಕಿತ್ತಳೆಯ ಘಮ ಸೋಪು ಒಣಗುವಷ್ಟರಲ್ಲಿ ಬಹುಪಾಲು ಹಾರಿಹೋಗುತ್ತದೆ. ಲಾವಂಚ, ದೇವದಾರು ನಿಲ್ಲುತ್ತವೆ. ‘ಗಂಡಸುತನ’ದ ಖಾರ ಬೇಕೆಂದು ಲವಂಗದೆಣ್ಣೆ ಸುರಿದರೆ ಅದರ ಯುಜೆನಾಲ್ ಸುಮ್ಮನಿರುವುದಿಲ್ಲ, ಅಚ್ಚಿಗೆ ಹೊಯ್ಯುವ ಮೊದಲೇ ಪಾತ್ರೆಯಲ್ಲೇ ಎಲ್ಲ ಗಟ್ಟಿ.

ಗಡ್ಡದ್ದು ದೊಡ್ಡ ಕಥೆ. ಕೊಬ್ಬರಿ ಎಣ್ಣೆಯ ಸೋಪು ಭರ್ಜರಿ ನೊರೆ ಕೊಡುತ್ತದೆ, ಆದರೆ ಅದರ ಗುಳ್ಳೆ ಬೇಗ ಒಡೆಯುತ್ತದೆ. ಬ್ಲೇಡು ಆಡಿಸಿ ಮುಗಿಸುವತನಕ ಕೆನ್ನೆಯ ಮೇಲೆ ನಿಲ್ಲುವ ದಪ್ಪ ನೊರೆಗೆ ಸ್ಟಿಯರಿಕ್ ಆಮ್ಲ ಬೇಕು. ಅದು ಕರಗುವುದು ಸುಮಾರು 69 ಡಿಗ್ರಿಯಲ್ಲಿ. ಕೋಲ್ಡ್ ಪ್ರೊಸೆಸ್ ನಡೆಯುವುದು 40ರ ಆಸುಪಾಸಿನಲ್ಲಿ. ಹೀಗಾಗಿ ಅಪ್ಪಟ ಶೇವಿಂಗ್ ಸೋಪನ್ನು ಸಾಮಾನ್ಯವಾಗಿ ಬಿಸಿಯಲ್ಲೇ ಬೇಯಿಸಿ, ಪೊಟ್ಯಾಸಿಯಂ ಕ್ಷಾರವನ್ನೂ ಬೆರೆಸಿ ಮಾಡುತ್ತಾರೆ. ಗಂಡಸರಿಗೆಂದೇ ಹುಟ್ಟಿದ ಸೋಪು ಈ ತಣ್ಣನೆಯ ಪದ್ಧತಿಗೆ ಒಗ್ಗುವುದೇ ಇಲ್ಲ!

ಇಲ್ಲಿ ಪಶ್ಚಿಮಘಟ್ಟದ ಮುರುಗಲು ನೆರವಿಗೆ ಬರುತ್ತದೆ, ದಕ್ಷಿಣ ಕನ್ನಡದವರ ಪುನರ್ಪುಳಿ. ಸಿಪ್ಪೆ ಸಾರಿಗೆ, ಶರಬತ್ತಿಗೆ ಹೋದ ಮೇಲೆ ಉಳಿಯುವ ಬೀಜವನ್ನು ಒಣಗಿಸಿ, ಕುಟ್ಟಿ, ನೀರಲ್ಲಿ ಕುದಿಸಿದರೆ ಜಿಡ್ಡು ಮೇಲೆ ತೇಲುತ್ತದೆ. ತೆಗೆದಿಟ್ಟರೆ ಆರಿ ಬಿಳಿ ಗಟ್ಟಿ, ಅದೇ ಮುರುಗಲ ತುಪ್ಪ. ಒಡೆದ ಹಿಮ್ಮಡಿಗೆ ಅಜ್ಜಿಯಂದಿರು ಹಚ್ಚುತ್ತಿದ್ದದ್ದು ಇದನ್ನೇ. ಇದರ ಕೊಬ್ಬಿನಾಮ್ಲದಲ್ಲಿ ಅರ್ಧಕ್ಕಿಂತ ಹೆಚ್ಚು ಸ್ಟಿಯರಿಕ್ಕೇ. ಕರಗುವುದಂತೂ 40 ಡಿಗ್ರಿಯ ಹತ್ತಿರ. ಬೇಯಿಸಿದ ಶೇವಿಂಗ್ ಸೋಪಿಗೆ ಇದು ಸಾಟಿಯಲ್ಲ, ಹೇಳಿಬಿಡಬೇಕು. ಆದರೆ ಸ್ನಾನಕ್ಕೂ ಕ್ಷೌರಕ್ಕೂ ಒಂದೇ ಬಿಲ್ಲೆ ಸಾಕೆನ್ನುವವರಿಗೆ ಒಳ್ಳೆಯ ದಾರಿ.

ಕೊಬ್ಬರಿ ಎಣ್ಣೆ 300 ಗ್ರಾಂ, ಆಲಿವ್ 450, ಮುರುಗಲ ತುಪ್ಪ 150, ಹರಳೆಣ್ಣೆ 100. ಈ ಒಂದು ಕಿಲೋಗೆ, ಶೇಕಡಾ 5ರಷ್ಟು ಎಣ್ಣೆ ಸೋಪಾಗದೆ ಉಳಿಯಲೆಂದು ಲೆಕ್ಕ ಹಾಕಿದರೆ, ಸುಮಾರು 141 ಗ್ರಾಂ ಕಾಸ್ಟಿಕ್ ಸೋಡಾ. ಎಣ್ಣೆ ಬದಲಿಸಿದರೆ ಲೆಕ್ಕವನ್ನೂ ಹೊಸದಾಗಿ ಹಾಕಬೇಕು, ಏಕೆಂದರೆ ಕೊಬ್ಬರಿ ಎಣ್ಣೆ ಉಳಿದವುಗಳಿಗಿಂತ ಹೆಚ್ಚು ಕ್ಷಾರ ಬೇಡುತ್ತದೆ. ಸೋಡಾವನ್ನು ನೀರಿಗೆ ಹಾಕಬೇಕೇ ಹೊರತು ನೀರನ್ನು ಸೋಡಾಕ್ಕಲ್ಲ. ಕೈಗವಸು, ಕನ್ನಡಕ ಕಡ್ಡಾಯ, ಅಲ್ಯುಮಿನಿಯಂ ಪಾತ್ರೆ ಬೇಡವೇ ಬೇಡ. ಆ ನೀರನ್ನು ಎಣ್ಣೆಗೆ ಸೇರಿಸಿ ಕಡೆದು, ಅಚ್ಚಿಗೆ ಹೊಯ್ದು, ಕತ್ತರಿಸಿ, ನಾಲ್ಕರಿಂದ ಆರು ವಾರ ಒಣಗಲು ಬಿಡುವುದು.

ಗಂಡು-ಹೆಣ್ಣೆಂಬ ಭೇದವಿಲ್ಲದ ಸೋಪೂ ನಮ್ಮಲ್ಲಿತ್ತು. ಮೊದಲ ಮಹಾಯುದ್ಧದಿಂದ ಗಂಧದ ಮರದ ರಫ್ತು ನಿಂತಾಗ 1916ರಲ್ಲಿ ಮೈಸೂರಿನಲ್ಲಿ ಗಂಧದೆಣ್ಣೆ ಕಾರ್ಖಾನೆ ಆರಂಭವಾಯಿತು. ಎರಡು ವರ್ಷದ ನಂತರ ಬೆಂಗಳೂರಲ್ಲಿ ಗಂಧದ ಸೋಪೂ ಬಂತು. ತಂತ್ರ ರೂಪಿಸಿದವರು ಎಸ್.ಜಿ. ಶಾಸ್ತ್ರಿ. ಅದೇ ಬಿಲ್ಲೆಯಲ್ಲಿ ಮನೆಮಂದಿಯೆಲ್ಲ ಮಿಂದರು, ಗಂಡಸರದು ಬೇರೆ ಎಂದು ಯಾರೂ ಕೇಳಲಿಲ್ಲ.

ಇಂದು ಮಾರಾಟಕ್ಕೆ ಮಾಡುವವರು 2020ರ ಸೌಂದರ್ಯವರ್ಧಕ ನಿಯಮಗಳಡಿ ತಯಾರಿಕಾ ಪರವಾನಗಿ ಪಡೆಯಬೇಕು. ಅಡುಗೆಮನೆಯ ಮೂಲೆಯಲ್ಲಿ ಶುರುವಾದ ಕಸುಬಿಗೆ ಇದು ಸಣ್ಣ ಭಾರವಲ್ಲ. ಅದನ್ನು ದಾಟಿದವರಿಗೂ ಮುರುಗಲ ತುಪ್ಪವನ್ನು ಹುಡುಕುವ ಕೆಲಸ ಉಳಿದೇ ಇರುತ್ತದೆ. ಮರಗಳಿಗೆ ಬರವಿಲ್ಲ, ಬೀಜ ಕುಟ್ಟಿ ಕುದಿಸಲು ಕೂರುವ ಮನೆಗಳೇ ಕಡಿಮೆಯಾಗುತ್ತಿವೆ.