ಗರ್ಭಕೋಶದೊಳಗಿನ ಪರದೆ: ಕತ್ತರಿ ರೂಢಿಯಾದ ಕಥೆ

ಮದುವೆಯಾಗಿ ಮೂರು ವರ್ಷವಾದರೂ ಮಗುವಾಗದ, ಅಥವಾ ಒಂದೆರಡು ಸಲ ಗರ್ಭ ನಿಂತು ಇಳಿದುಹೋದ ಹೆಣ್ಣುಮಗಳ ಸ್ಕ್ಯಾನಿಂಗ್ ವರದಿಯಲ್ಲಿ ‘ಸೆಪ್ಟೇಟ್ ಯೂಟೆರಸ್’ ಎಂದು ಬರೆದಿದ್ದರೆ, ಅವಳು ಸಾಗರದವಳಿರಲಿ, ಹೊಸನಗರ ಅಥವಾ ತೀರ್ಥಹಳ್ಳಿಯವಳಿರಲಿ, ಮುಂದೆ ಕೇಳಿಬರುವ ಮಾತು ಸಾಮಾನ್ಯವಾಗಿ ಒಂದೇ. ಗರ್ಭಕೋಶದೊಳಗೆ ಪರದೆ ಇದೆ, ತೆಗೆಸಿಬಿಡಿ. ಹೊಟ್ಟೆ ಕೊಯ್ಯುವುದಿಲ್ಲ, ಹೊಲಿಗೆ ಬೀಳುವುದಿಲ್ಲ, ಶಿವಮೊಗ್ಗಕ್ಕೋ ಮಣಿಪಾಲಕ್ಕೋ ಹೋದರೆ ಮರುದಿನ ಮನೆಗೆ ಬರಬಹುದು. ಹೇಳುವವರಲ್ಲಿ ದುರುದ್ದೇಶವಿಲ್ಲ. ನೆಂಟರಿಷ್ಟರ ಮನೆಯ ಕಾರ್ಯಗಳಲ್ಲಿ ‘ಎಂತಾದ್ರೂ ವಿಶೇಷ ಉಂಟಾ’ ಎಂಬ ಪ್ರಶ್ನೆಗೆ ವರ್ಷಗಟ್ಟಲೆ ತಲೆತಗ್ಗಿಸಿದವಳಿಗೂ, ಕಾರಣವೊಂದು ಕಣ್ಣಿಗೆ ಕಾಣುವಂತೆ ಸಿಕ್ಕಿತಲ್ಲ ಎಂಬ ಸಮಾಧಾನವಿರುತ್ತದೆ. ಅಡ್ಡ ಇರುವುದನ್ನು ತೆಗೆದರೆ ದಾರಿ ಸಲೀಸು ಎಂಬ ತರ್ಕವನ್ನು ಯಾರೂ ಪ್ರಶ್ನಿಸುವುದಿಲ್ಲ. ಆದರೆ ಈ ಶಸ್ತ್ರಕ್ರಿಯೆ ನಡೆದು ಬಂದ ದಾರಿಯನ್ನು ಹಿಂದಕ್ಕೆ ಹಿಡಿದು ಹೋದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಪರದೆ ಕತ್ತರಿಸುವುದು ಸುಲಭವಾದ ಕೂಡಲೇ ಅದು ರೂಢಿಯಾಯಿತು. ಕತ್ತರಿಸಿದರೆ ಮಡಿಲು ತುಂಬುವ ಸಾಧ್ಯತೆ ಹೆಚ್ಚುತ್ತದೆಯೇ ಎಂಬ ಪರೀಕ್ಷೆ ನಡೆದದ್ದು ಅದಾಗಿ ಸುಮಾರು ಮೂವತ್ತು ವರ್ಷಗಳ ಮೇಲೆ.

ಹೆಣ್ಣು ಭ್ರೂಣದಲ್ಲಿ ಗರ್ಭಕೋಶ ಮೊದಲಿಗೆ ಎರಡು ನಾಳಗಳಾಗಿರುತ್ತದೆ, ಎಡಕ್ಕೊಂದು, ಬಲಕ್ಕೊಂದು. 1830ರಲ್ಲಿ ಅವನ್ನು ವಿವರಿಸಿದ ಜರ್ಮನಿಯ ಯೊಹಾನೆಸ್ ಮ್ಯುಲ್ಲರ್ ಅವರ ಹೆಸರಿನಿಂದಲೇ ಇಂದಿಗೂ ಅವನ್ನು ಕರೆಯುತ್ತಾರೆ. ಈ ನಾಳಗಳು ನಡುವಿಗೆ ಸರಿದು ಕೂಡಿಕೊಳ್ಳಬೇಕು. ಕೂಡಿದ ಜಾಗದ ನಡುಗೋಡೆ ಕರಗಿ ಒಂದೇ ಕೋಣೆಯಾಗಬೇಕು. ಕೂಡುವುದೇ ಅರ್ಧಕ್ಕೆ ನಿಂತರೆ ಗರ್ಭಕೋಶದ ತಲೆಭಾಗ ಎರಡು ಕೊಂಬಾಗಿ ಸೀಳಿರುತ್ತದೆ. ವೈದ್ಯರು ಅದನ್ನು ಬೈಕಾರ್ನುಯೇಟ್ ಎನ್ನುತ್ತಾರೆ. ಕೂಡುವುದು ಸರಿಯಾಗಿ ನಡೆದು, ಕರಗುವ ಕೆಲಸ ಮಾತ್ರ ಬಾಕಿ ಉಳಿದರೆ ಸೆಪ್ಟಮ್, ಅಂದರೆ ಪರದೆ. ಇದೆಲ್ಲ ಅವಳು ತನ್ನ ತಾಯಿಯ ಹೊಟ್ಟೆಯಲ್ಲಿದ್ದಾಗ, ಐದು ತಿಂಗಳಾಗುವಷ್ಟರಲ್ಲಿ ನಡೆದು ಮುಗಿದಿರುತ್ತದೆ. ಆಮೇಲೆ ಅವಳು ಉಂಡದ್ದು, ಹೊತ್ತದ್ದು, ಓದಿನ ಕಾರಣಕ್ಕೆ ಮದುವೆ ಮುಂದೂಡಿದ್ದು ಯಾವುದೂ ಇದಕ್ಕೆ ಕಾರಣವಲ್ಲ. ಕುಕ್ಕೆಯಲ್ಲಿ ಆಶ್ಲೇಷಾ ಬಲಿ ಮಾಡಿಸುವುದು, ಮನೆಯ ನಾಗಬನಕ್ಕೆ ತನು ಎರೆಯುವುದು ಅವರವರ ನಂಬಿಕೆ. ಆದರೆ ದೋಷ ಅವಳದ್ದು ಎಂಬ ಭಾರವನ್ನು ಅದರ ಜೊತೆಗೆ ಹೊರಿಸಬಾರದು. ಪರದೆ ಇದ್ದೂ ಮೂರು ಮಕ್ಕಳನ್ನು ಹೆತ್ತು, ಅದು ಇದ್ದದ್ದೇ ಗೊತ್ತಿಲ್ಲದೆ ಬಾಳಿದ ಹೆಂಗಸರೂ ಇದ್ದಾರೆ. 2011ರಲ್ಲಿ ಪ್ರಕಟವಾದ ಒಂದು ದೊಡ್ಡ ವಿಮರ್ಶೆಯ ಪ್ರಕಾರ ಸಾಮಾನ್ಯ ಮಹಿಳೆಯರಲ್ಲಿ ಶೇ 2.3 ಮಂದಿಗೆ ಇಂಥ ಪರದೆ ಇರುತ್ತದೆ. ಮಕ್ಕಳಾಗದವರಲ್ಲಿ ಶೇ 3. ಗರ್ಭಪಾತವಾದವರಲ್ಲಿ ಶೇ 5.3, ಎರಡೂ ತೊಂದರೆ ಇದ್ದವರಲ್ಲಿ ಶೇ 15.4. ಮೊದಲ ಎರಡು ಅಂಕಿಗಳ ನಡುವಿನ ಅಂತರ ಎಷ್ಟು ಕಿರಿದೆಂದು ಗಮನಿಸಬೇಕು. ಗರ್ಭ ನಿಲ್ಲುವುದಕ್ಕೆ ಪರದೆ ಅಡ್ಡಿ ಎನ್ನಲು ಆಧಾರ ಬಹಳ ತೆಳು. ನಿಂತ ಗರ್ಭ ಉಳಿಯುವುದರ ಜೊತೆ ಅದಕ್ಕೆ ನಂಟು ಇದ್ದಂತೆ ಕಾಣುತ್ತದೆ.

ಶಸ್ತ್ರಕ್ರಿಯೆಯ ಇತಿಹಾಸ ಶುರುವಾಗುವುದು ಹೊಟ್ಟೆ ಕೊಯ್ಯುವುದರಿಂದ. 1907ರಲ್ಲಿ ಬರ್ಲಿನ್ನಿನ ಪೌಲ್ ಸ್ಟ್ರಾಸ್‌ಮನ್ ಎರಡು ಕೊಂಬಿನ ಗರ್ಭಕೋಶವನ್ನು ತೆರೆದು ಒಂದಾಗಿ ಹೊಲಿಯುವ ವಿಧಾನವನ್ನು ವಿವರಿಸಿದರು. ಪರದೆಗಾಗಿಯೇ ಅಮೆರಿಕದಲ್ಲಿ 1950 ಮತ್ತು 60ರ ದಶಕದಲ್ಲಿ ಜೋನ್ಸ್ ಮತ್ತು ಟಾಂಪ್‌ಕಿನ್ಸ್ ಅವರ ವಿಧಾನಗಳು ಬಂದವು. ಇವೆಲ್ಲವೂ ಗರ್ಭಕೋಶದ ಗೋಡೆಯನ್ನೇ ಸೀಳಿ ಮತ್ತೆ ಹೊಲಿಯುವ ದೊಡ್ಡ ಆಪರೇಷನ್ನುಗಳು. ತಿಂಗಳುಗಟ್ಟಲೆ ವಿಶ್ರಾಂತಿ, ಒಳಗೆ ಅಂಟಿಕೊಳ್ಳುವ ಭಯ, ಮುಂದೆ ಗರ್ಭ ನಿಂತರೆ ಸಿಸೇರಿಯನ್ ಖಚಿತ. ಹಾಗಾಗಿ ಮತ್ತೆ ಮತ್ತೆ ಗರ್ಭಪಾತವಾಗಿ ಬೇರೆ ದಾರಿಯಿಲ್ಲದವರಿಗೆ ಮಾತ್ರ ವೈದ್ಯರು ಇದನ್ನು ಹೇಳುತ್ತಿದ್ದರು. ಆ ಕಷ್ಟವೇ ಒಂದು ಅಂಕುಶವಾಗಿತ್ತು. ಗರ್ಭಕೋಶದೊಳಗೆ ಕೊಳವೆ ಇಳಿಸಿ ನೋಡುವ ಪ್ರಯತ್ನವನ್ನು ಪಾಂಟಾಲಿಯೋನಿ ಎಂಬ ವೈದ್ಯರು 1869ರಲ್ಲಿಯೇ ಮಾಡಿದ್ದರು. ಆದರೆ ಒಳ್ಳೆಯ ಬೆಳಕು, ಗರ್ಭಕೋಶವನ್ನು ಹಿಗ್ಗಿಸಿ ಇಡುವ ದ್ರವ, ಸಣ್ಣ ಕತ್ತರಿ ಎಲ್ಲ ಕೂಡಿಬರಲು ನೂರು ವರ್ಷ ಬೇಕಾಯಿತು. 1974ರಲ್ಲಿ ಸ್ವೀಡನ್ನಿನ ಎಡ್‌ಸ್ಟ್ರೋಮ್ ಹಿಸ್ಟರೋಸ್ಕೋಪ್ ಎಂಬ ಇಂಥ ಕೊಳವೆಯ ಮೂಲಕ ಪರದೆ ಕತ್ತರಿಸಿದ್ದನ್ನು ವರದಿ ಮಾಡಿದರು. 1980ರ ದಶಕದ ಮೊದಲ ವರ್ಷಗಳಲ್ಲಿ ಅಮೆರಿಕದ ವೈದ್ಯರು ಅದನ್ನು ಕತ್ತರಿಯಿಂದಲೂ, ಪ್ರಾಸ್ಟೇಟ್ ಚಿಕಿತ್ಸೆಗೆ ಬಳಸುತ್ತಿದ್ದಂಥ ರಿಸೆಕ್ಟೋಸ್ಕೋಪಿನಿಂದಲೂ ಮಾಡತೊಡಗಿದರು. ಯೋನಿಮಾರ್ಗದಿಂದಲೇ ಕೆಲಸ ಮುಗಿಯುತ್ತದೆ, ಹೊರಗೆ ಗಾಯವಿಲ್ಲ. ಕಷ್ಟ ಕಡಿಮೆಯಾದಂತೆ ಅಂಕುಶವೂ ಸಡಿಲವಾಯಿತು. ಮೂರು ಗರ್ಭಪಾತವಾದವರಿಗೆ ಇದ್ದದ್ದು ಎರಡಾದವರಿಗೆ ಬಂತು, ಆಮೇಲೆ ಒಂದಾದವರಿಗೆ. ಕೊನೆಗೆ ಒಮ್ಮೆಯೂ ಗರ್ಭ ಧರಿಸದವರಿಗೆ, ಐವಿಎಫ್ ಮಾಡಿಸುವ ಮುಂಚೆ ಒಮ್ಮೆ ಸರಿಮಾಡಿಬಿಡೋಣ ಎಂಬಲ್ಲಿಗೆ ಬಂದು ನಿಂತಿತು.

ಪುರಾವೆ ಇರಲಿಲ್ಲವೇ ಎಂದರೆ ಇತ್ತು, ಮೇಲ್ನೋಟಕ್ಕೆ ಬಲವಾಗಿಯೇ ಇತ್ತು. 2000ದಲ್ಲಿ ಪ್ರಕಟವಾದ ಒಂದು ವಿಮರ್ಶೆ ಅದುವರೆಗಿನ ವರದಿಗಳನ್ನೆಲ್ಲ ಕೂಡಿಸಿ ನೋಡಿತು. ಶಸ್ತ್ರಕ್ರಿಯೆಗೆ ಮುಂಚಿನ 1062 ಗರ್ಭಗಳಲ್ಲಿ ಶೇ 88 ಇಳಿದುಹೋಗಿದ್ದವು; ಆಮೇಲಿನ 491ರಲ್ಲಿ ಇಳಿದದ್ದು ಶೇ 14 ಮಾತ್ರ. ಇದನ್ನು ನೋಡಿದ ಯಾವ ವೈದ್ಯರು ತಾನೇ ಕತ್ತರಿ ಕೆಳಗಿಡುತ್ತಾರೆ? ಆದರೆ ಈ ಲೆಕ್ಕದಲ್ಲಿ ಏನು ಬಿಟ್ಟುಹೋಗಿದೆ ಎಂಬುದನ್ನು ಮಲೆನಾಡಿನ ಅಡಿಕೆ ಬೆಳೆಗಾರ ಸುಲಭವಾಗಿ ಹೇಳಬಲ್ಲ. ಹೋದ ವರ್ಷ ಕೊಳೆಯಿಂದ ಕಾಯಿ ಉದುರಿತು, ಈ ವರ್ಷ ಹೊಸ ಔಷಧಿ ಹೊಡೆದೆ, ಉದುರಲಿಲ್ಲ ಎಂದರೆ ಔಷಧಿಯ ಗುಣ ಸಾಬೀತಾಗುವುದಿಲ್ಲ. ಈ ವರ್ಷ ಮಳೆಯೇ ಕಡಿಮೆ ಇತ್ತೇನೋ. ಔಷಧಿ ಹೊಡೆಯದೆ ಬಿಟ್ಟ ಒಂದಿಷ್ಟು ಮರ ಅದೇ ತೋಟದಲ್ಲಿ, ಅದೇ ಮಳೆಯಲ್ಲಿ ಇರಬೇಕು. ಆ ವರದಿಗಳಲ್ಲಿದ್ದ ಹೆಂಗಸರು ಶಸ್ತ್ರಕ್ರಿಯೆಗೆ ಬಂದದ್ದೇ ಗರ್ಭಪಾತಗಳಾಗಿದ್ದವು ಎಂಬ ಕಾರಣಕ್ಕೆ. ಅಂದಮೇಲೆ ಅವರ ಹಿಂದಿನ ಲೆಕ್ಕ ಕೆಟ್ಟದಾಗಿರಲೇಬೇಕು. ಪರದೆ ಇದ್ದೂ ಸುಖವಾಗಿ ಹೆತ್ತವರು ಆ ಪಟ್ಟಿಗೆ ಸೇರುವುದೇ ಇಲ್ಲ. ಇನ್ನು ಮುಂದಿನ ಗರ್ಭದ ಮಾತು: ಕಾರಣ ತಿಳಿಯದೆ ಪದೇ ಪದೇ ಗರ್ಭಪಾತವಾದವರನ್ನು ಯಾವ ಔಷಧಿಯೂ ಇಲ್ಲದೆ ಆರೈಕೆಯಿಂದಷ್ಟೇ ನೋಡಿಕೊಂಡ ಬ್ರಿಟನ್ನಿನ ಒಂದು ಅಧ್ಯಯನದಲ್ಲಿ (1999) ಮುಂದಿನ ಗರ್ಭ ಉಳಿದ ಪ್ರಮಾಣ ಶೇ 75. ಅವರಿಗೆ ಪರದೆ ಇರಲಿಲ್ಲ, ನಿಜ. ಆದರೆ ಹಿಂದೆ ಕೆಟ್ಟದಾಗಿದ್ದದ್ದು ಮುಂದೆ ತಾನಾಗಿಯೇ ಸುಧಾರಿಸುವುದು ಎಷ್ಟು ಸಾಮಾನ್ಯ ಎಂಬುದಕ್ಕೆ ಇದು ಸಾಕ್ಷಿ. ಪರದೆಯಲ್ಲಿ ಬರೀ ನಾರು, ರಕ್ತಸಂಚಾರವಿಲ್ಲ, ಅಲ್ಲಿ ಕೂತ ಭ್ರೂಣ ಒಣಗುತ್ತದೆ ಎಂಬ ವಿವರಣೆಯೂ ಬಹುಕಾಲ ಪಾಠದಲ್ಲಿತ್ತು. 1995ರಲ್ಲಿ ಇರಾನಿನ ವೈದ್ಯರು ಕತ್ತರಿಸಿದ ಪರದೆಯ ತುಣುಕುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಅಲ್ಲಿ ಕಂಡದ್ದು ಸ್ನಾಯುವೇ ಹೆಚ್ಚು, ನಾರಿನಂಶ ಕಡಿಮೆ.

ಔಷಧಿ ಹೊಡೆಯದ ಸಾಲನ್ನು ಇಟ್ಟು ನೋಡಿದ ಮೊದಲ ಪ್ರಯೋಗ ನೆದರ್ಲೆಂಡ್ಸ್ ಮುಂದಾಳತ್ವದ ‘ಟ್ರಸ್ಟ್’. ನೆದರ್ಲೆಂಡ್ಸ್, ಬ್ರಿಟನ್, ಅಮೆರಿಕ, ಇರಾನ್‌ಗಳ ಹತ್ತು ಕೇಂದ್ರಗಳಲ್ಲಿ, ಮಕ್ಕಳಾಗದ ಅಥವಾ ಗರ್ಭಪಾತ, ಅವಧಿಪೂರ್ವ ಹೆರಿಗೆಯಾಗಿದ್ದ ಮಹಿಳೆಯರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಪರದೆ ಕತ್ತರಿಸಿ, ಇನ್ನೊಂದನ್ನು ಹಾಗೆಯೇ ಬಿಟ್ಟರು. 2010ರಿಂದ 2018ರವರೆಗೆ, ಎಂಟು ವರ್ಷದಲ್ಲಿ, ಸೇರಿದವರು ಬರೀ 80 ಜನ. 2021ರಲ್ಲಿ ಫಲಿತಾಂಶ ಬಂತು: ಕತ್ತರಿಸಿಕೊಂಡವರ ಪೈಕಿ ಲೆಕ್ಕಕ್ಕೆ ಸಿಕ್ಕ 39 ಜನರಲ್ಲಿ 12 ಮಂದಿಗೆ ಜೀವಂತ ಮಗು, ಅಂದರೆ ಶೇ 31, ಕಾದ 40 ಜನರಲ್ಲಿ 14 ಮಂದಿಗೆ, ಶೇ 35. ಅದಕ್ಕೆ ಒಂದು ವರ್ಷ ಮುಂಚೆ ಬಂದ 257 ಮಹಿಳೆಯರ ಹಿನ್ನೋಟದ ಅಧ್ಯಯನದಲ್ಲಿಯೂ ಕತ್ತರಿಸಿದವರಲ್ಲಿ ಶೇ 53, ಬಿಟ್ಟವರಲ್ಲಿ ಶೇ 72ರ ಹತ್ತಿರ ಮಕ್ಕಳಾಗಿದ್ದವು.

ಎಂಬತ್ತೇ ಜನರ ಪ್ರಯೋಗದಿಂದ ಏನು ತೀರ್ಮಾನಿಸಲು ಸಾಧ್ಯ ಎಂದು ಶಸ್ತ್ರವೈದ್ಯರು ಕೇಳುತ್ತಾರೆ, ಸರಿಯಾಗಿಯೇ ಕೇಳುತ್ತಾರೆ. ಅಷ್ಟು ಚಿಕ್ಕ ಗುಂಪಿನಲ್ಲಿ ಶಸ್ತ್ರಕ್ರಿಯೆಯಿಂದ ಸಾಕಷ್ಟು ಲಾಭವಿದ್ದರೂ ಕಾಣದೆ ಹೋಗಬಹುದು, ಸಾಕಷ್ಟು ನಷ್ಟವಿದ್ದರೂ ಕಾಣದೆ ಹೋಗಬಹುದು. ಹಾಗಾಗಿ ಪರದೆ ಕತ್ತರಿಸುವುದು ವ್ಯರ್ಥ ಎಂದು ನಾನು ಹೇಳುತ್ತಿಲ್ಲ. ಆದರೆ ಚಿಕ್ಕ ಪ್ರಯೋಗದ ದೌರ್ಬಲ್ಯ, ಪ್ರಯೋಗವೇ ಇಲ್ಲದೆ ಬೆಳೆದ ರೂಢಿಗೆ ಬಲವಾಗಲಾರದು. ಆರೋಗ್ಯವಂತ ಹೆಣ್ಣಿನ ಗರ್ಭಕೋಶಕ್ಕೆ ಕತ್ತರಿ ಹಾಕುವವರ ಮೇಲೆ ಲಾಭವನ್ನು ತೋರಿಸುವ ಹೊಣೆ ಇದೆ. ಬ್ರಿಟನ್ನಿನ ‘ನೈಸ್’ ಸಂಸ್ಥೆ 2015ರಲ್ಲಿಯೇ ಎರಡು ಬಗೆಯ ರೋಗಿಗಳನ್ನು ಬೇರೆ ಬೇರೆ ಮಾಡಿ ನೋಡಿತ್ತು: ಪದೇ ಪದೇ ಗರ್ಭಪಾತವಾದವರ ವಿಷಯದಲ್ಲಿ ಇದಕ್ಕೆ ಒಪ್ಪಿಗೆ ಕೊಟ್ಟು, ಮಕ್ಕಳೇ ಆಗದವರ ವಿಷಯದಲ್ಲಿ ಪುರಾವೆ ಸಾಲದು ಎಂದಿತ್ತು. ನಮ್ಮಲ್ಲಿ ಈ ಎರಡೂ ಬಗೆಯವರಿಗೆ ಒಂದೇ ಚೀಟಿ ಬರೆದುಕೊಡುವುದು ತಪ್ಪು.

ಸಣ್ಣ ಆಪರೇಷನ್ ತಾನೆ, ಮಾಡಿಸಿಕೊಂಡರೆ ನಷ್ಟವೇನು ಎಂಬ ಮಾತಿಗೆ ಮಲೆನಾಡಿನಲ್ಲಿ ಬೇರೆಯೇ ತೂಕವಿದೆ. ಕತ್ತರಿಸುವಾಗ ಗರ್ಭಕೋಶಕ್ಕೆ ತೂತು ಬೀಳಬಹುದು. ಟ್ರಸ್ಟ್ ಪ್ರಯೋಗದಲ್ಲೂ ಒಬ್ಬರಿಗೆ ಹಾಗಾಯಿತು. ಗಾಯ ಮಾಯುವಾಗ ಒಳಗೋಡೆಗಳು ಒಂದಕ್ಕೊಂದು ಅಂಟಿಕೊಳ್ಳಬಹುದು. ಬಲು ಅಪರೂಪಕ್ಕೆ, ಮುಂದಿನ ಬಸುರಿನಲ್ಲಿ ಆ ಗಾಯದ ಜಾಗವೇ ಬಿರಿಯುವುದುಂಟು. ಬೆಂಗಳೂರಿನಲ್ಲಿ ಆ ಅಪಾಯ ಎದುರಾದರೆ ಹತ್ತಿರದಲ್ಲೇ ಆಸ್ಪತ್ರೆ. ಆಗುಂಬೆ ಘಾಟಿಯಲ್ಲೋ ಹುಲಿಕಲ್ ಘಾಟಿಯಲ್ಲೋ ಜುಲೈ ತಿಂಗಳ ರಾತ್ರಿ ಎದುರಾದರೆ? ಇದನ್ನೇ ತಿರುಗಿಸಿ, ಗರ್ಭಪಾತದ ರಕ್ತಸ್ರಾವವೂ ಹಾಗೆಯೇ ಅಲ್ಲವೇ, ಅದನ್ನು ತಪ್ಪಿಸಲೆಂದೇ ಪರದೆ ತೆಗೆಸಬೇಕಲ್ಲವೇ ಎನ್ನುವವರಿದ್ದಾರೆ. ಶರಾವತಿ ಹಿನ್ನೀರಿನಾಚೆಯ ತುಮರಿಯ ಕಡೆಯವರಿಗೆ 2025ರ ಜುಲೈನಲ್ಲಿ 2.44 ಕಿಲೋಮೀಟರಿನ ಸೇತುವೆ ತೆರೆಯುವವರೆಗೆ, ಲಾಂಚ್ ನಿಂತ ಮೇಲೆ ರಾತ್ರಿ ಸಾಗರಕ್ಕೆ ನೇರ ದಾರಿಯೇ ಇರಲಿಲ್ಲ ಎಂಬುದನ್ನು ನೆನೆದರೆ ಈ ವಾದವನ್ನು ತಳ್ಳಿಹಾಕಲಾಗದು. ಆದರೆ ಶಸ್ತ್ರಕ್ರಿಯೆಯಿಂದ ಗರ್ಭಪಾತ ತಪ್ಪುತ್ತದೆ ಎಂದು ಖಚಿತವಾಗಿದ್ದರೆ ಮಾತ್ರ ಆ ವಾದ ನಿಲ್ಲುತ್ತದೆ. ಖಚಿತವಾಗದೆ ಉಳಿದಿರುವುದು ಅದೇ. ದೂರದ ಸಮಸ್ಯೆಗೆ ಉತ್ತರ ರಸ್ತೆ, ಆಂಬುಲೆನ್ಸ್, ತಾಲ್ಲೂಕು ಆಸ್ಪತ್ರೆಯ ರಕ್ತದ ವ್ಯವಸ್ಥೆ.

ಇನ್ನೊಂದು ವಿಷಯ ನನ್ನನ್ನು ಇದಕ್ಕಿಂತ ಹೆಚ್ಚು ಕಾಡುತ್ತದೆ. ವರದಿಯಲ್ಲಿ ಬರೆದ ಪರದೆ ನಿಜವಾಗಿ ಪರದೆಯೇ? ನಳಿಕೆ ಪರೀಕ್ಷೆಗೆಂದು ಡೈ ಹಾಕಿ ತೆಗೆಯುವ ಎಕ್ಸ್‌ರೇ ಗರ್ಭಕೋಶದ ಒಳಗಿನ ಆಕಾರವನ್ನಷ್ಟೇ ತೋರಿಸುತ್ತದೆ. ಹೊರಮೈ ಸಪಾಟಾಗಿದೆಯೇ, ಸೀಳಿದೆಯೇ ಅದರಲ್ಲಿ ಕಾಣುವುದಿಲ್ಲ. ಎರಡು ಕೊಂಬಿನ ಗರ್ಭಕೋಶವನ್ನು ಪರದೆ ಎಂದು ತಿಳಿದು ಒಳಗಿನಿಂದ ಕತ್ತರಿಸಿದರೆ ಕತ್ತರಿ ಹೊಟ್ಟೆಯೊಳಕ್ಕೇ ಹೋಗುತ್ತದೆ. ತ್ರೀಡಿ ಅಲ್ಟ್ರಾಸೌಂಡ್ ಅಥವಾ ಎಂಆರ್‌ಐ ಎರಡನ್ನೂ ಬೇರೆ ಮಾಡಿ ತೋರಿಸುತ್ತದೆ. ಹಿಂದೆ ಅದಕ್ಕೆ ಲ್ಯಾಪ್ರೋಸ್ಕೋಪಿಯೇ ಬೇಕಿತ್ತು. ಅದು ಪರದೆಯೇ ಎಂದಾದರೂ ಎಷ್ಟು ಉದ್ದವಿದ್ದರೆ ಪರದೆ ಎನ್ನಬೇಕು ಎಂಬುದರಲ್ಲಿ ಪಂಡಿತರಿಗೇ ಒಮ್ಮತವಿಲ್ಲ. ಯುರೋಪಿನ ಸಂಘಗಳು 2013ರಲ್ಲಿ, ಒಳಚಾಚು ಗರ್ಭಕೋಶದ ಗೋಡೆಯ ಅರ್ಧ ದಪ್ಪವನ್ನು ಮೀರಿದರೆ ಸಾಕು ಎಂದವು. ಅಮೆರಿಕದ ಸಂಘ 2016ರಲ್ಲಿ ಒಂದೂವರೆ ಸೆಂಟಿಮೀಟರ್ ಮೀರಬೇಕು ಎಂದಿತು, 2021ರಲ್ಲಿ ಅದನ್ನು ಒಂದು ಸೆಂಟಿಮೀಟರಿಗೆ ಇಳಿಸಿತು. ಆರು ಮಿಲಿಮೀಟರಿನ ಚಾಚು ಇರುವ ಹೆಣ್ಣು ಒಂದು ಲೆಕ್ಕದಲ್ಲಿ ರೋಗಿ, ಇನ್ನೊಂದರಲ್ಲಿ ಅಲ್ಲ. ಹೀಗಿರುವಾಗ ವರದಿಯಲ್ಲಿ ಹೆಸರು ಬರೆದರೆ ಸಾಲದು, ಉದ್ದ ಎಷ್ಟು ಮಿಲಿಮೀಟರ್ ಎಂದು ಕೇಳಿ ಬರೆಸಿಕೊಳ್ಳಬೇಕು. ಕಣ್ಣಿಗೆ ಕಾಣುವ ಪರದೆ ಸಿಕ್ಕಿದ ಕೂಡಲೇ ಉಳಿದ ಹುಡುಕಾಟ ನಿಲ್ಲುವುದೂ ಇದೆ. ಗಂಡನ ವೀರ್ಯ ಪರೀಕ್ಷೆ ಮುಂದಕ್ಕೆ ಹೋಗುತ್ತದೆ, ಥೈರಾಯ್ಡ್, ಸಕ್ಕರೆ, ರಕ್ತ ಹೆಪ್ಪುಗಟ್ಟಿಸುವ ಆ್ಯಂಟಿಬಾಡಿಗಳ ಪರೀಕ್ಷೆ ಮರೆತೇ ಹೋಗುತ್ತದೆ. ಬಂಜೆ ಎಂಬ ಪದ ಬರೀ ಹೆಣ್ಣಿಗೆ ಅಂಟುವ ನಾಡಿನಲ್ಲಿ ಇದು ಸಣ್ಣ ಮಾತಲ್ಲ.

ಕಾಯುತ್ತ ಕೂತರೆ ವಯಸ್ಸು ಮೀರುತ್ತದಲ್ಲ ಎಂಬ ಆಕ್ಷೇಪಕ್ಕೆ ನನ್ನ ಉತ್ತರ ಅಷ್ಟು ಗಟ್ಟಿಯಾಗಿಲ್ಲ. ಮೂವತ್ತೈದು ದಾಟಿದವಳಿಗೆ ಕಾದು ನೋಡಿ ಎನ್ನುವುದು ಸುಲಭದ ಸಲಹೆಯಲ್ಲ. ಐವಿಎಫ್‌ಗೆ ಲಕ್ಷಗಟ್ಟಲೆ ಸುರಿದವರು ಭ್ರೂಣ ಇಳಿಸುವ ಮುಂಚೆ ಎಲ್ಲ ಅಡ್ಡಿಯೂ ಹೋಗಲಿ ಎನ್ನುವುದೂ ಸಹಜ. ಆದರೆ ಶಸ್ತ್ರಕ್ರಿಯೆಯೂ ಕಾಲ ತಿನ್ನುತ್ತದೆ, ಗಾಯ ಮಾಯಲು ಎರಡು ತಿಂಗಳಾದರೂ ಬೇಕು. ಉದ್ದನೆಯ ಪರದೆ, ಎರಡು ಮೂರು ಗರ್ಭಪಾತ, ಬೇರೆ ಕಾರಣಗಳೆಲ್ಲ ಇಲ್ಲವೆಂದು ಖಚಿತವಾದದ್ದು, ಇಷ್ಟೂ ಇದ್ದವರು ಕೈ ಪಳಗಿದ ವೈದ್ಯರಲ್ಲಿ ಕತ್ತರಿಸಿಕೊಳ್ಳಲು ನಿರ್ಧರಿಸಿದರೆ ಅದು ವಿವೇಕದ ನಿರ್ಧಾರವೇ. ಒಮ್ಮೆಯೂ ಗರ್ಭ ನಿಲ್ಲದವಳು, ಒಂದೇ ಸಲ ಕಳೆದುಕೊಂಡವಳು ಕಾಯಲು ನಿರ್ಧರಿಸಿದರೆ ಅದೂ ಅಷ್ಟೇ ವಿವೇಕದ್ದು. ಅದನ್ನು ಅಸಡ್ಡೆ ಎಂದು ಯಾರೂ ಮೂದಲಿಸಬಾರದು. ಕಾಯುವವಳಿಗೆ ಬೇಕಾದದ್ದು ಸಾಗರದ, ಹೊಸನಗರದ, ತೀರ್ಥಹಳ್ಳಿಯ ಸರ್ಕಾರಿ ಆಸ್ಪತ್ರೆಗಳಲ್ಲಿಯೇ ಸಿಗುವಂತಿರಬೇಕು: ಮುಟ್ಟು ನಿಂತ ಆರೇಳನೆಯ ವಾರದಲ್ಲೊಂದು ಸ್ಕ್ಯಾನ್, ಪರದೆ ಇದ್ದವರಲ್ಲಿ ಮಗು ಅಡ್ಡವೋ ಕಾಲು ಕೆಳಗಾಗಿಯೋ ಇರುವುದು ಹೆಚ್ಚಾದ್ದರಿಂದ ಒಂಬತ್ತನೆಯ ತಿಂಗಳಲ್ಲಿ ಮತ್ತೊಂದು, ಹೆರಿಗೆ ಎಲ್ಲಿ ಎಂಬುದು ಮಳೆಗಾಲಕ್ಕೆ ಮುಂಚೆಯೇ ನಿಶ್ಚಯವಾಗಿ ತಾಯಿ ಕಾರ್ಡಿನಲ್ಲಿ ಬರೆದಿರುವುದು.