ಸರ್ವಜ್ಞನ ಕುಟುಕುನುಡಿ

ಕುಟುಕುವ ಮಾತೆಂದೊಡನೆ ದೊಡ್ಡಬಳ್ಳಾಪುರ, ಹೊಸಕೋಟೆಗಳ ಸೀಮೆಯಲ್ಲಿಯೂ ಜನರಿಗೆ ನೆನಪಾಗುವ ಹೆಸರು ಸರ್ವಜ್ಞನದು. ಆತನ ತಂದೆಯ ಊರೆಂದು ಪ್ರತೀತಿಯುಳ್ಳ ಮಾಸೂರಾದರೋ ಇಲ್ಲಿಗೆ ಬಹುದೂರದ ಹಾವೇರಿ ಸೀಮೆಯದು. ಆಸ್ಥಾನದ ಆಶ್ರಯವಿಲ್ಲದೆ, ಅಚ್ಚಿನ ನೆರವಿಲ್ಲದೆ ಈ ಕವಿಯ ನುಡಿಯು ಇಷ್ಟು ದೂರ ನಡೆದುಬಂದುದು ಹೇಗೆ?

ಕಾರಣವು ಛಂದಸ್ಸಿನಲ್ಲಿದೆ. ತ್ರಿಪದಿಯು ನಮ್ಮ ಹೆಣ್ಣುಮಕ್ಕಳು ಬೀಸುಕಲ್ಲಿನ ಮುಂದೆ ಕುಳಿತು ಹಾಡುತ್ತ ಬಂದ ಮಟ್ಟು. ಮೂರೇ ಸಾಲು, ಕೊನೆಗೆ ಕವಿಯ ಅಂಕಿತ. ಒಮ್ಮೆ ಕಿವಿಗೆ ಬಿದ್ದುದು ಮರೆತುಹೋಗುವಂತಿಲ್ಲ. ಇದರಿಂದಲೇ ಒಂದು ತೊಡಕೂ ಉಂಟಾಯಿತು: ಅನ್ಯರು ಕಟ್ಟಿದ ಎಷ್ಟೋ ಮೊನಚು ಮಾತುಗಳ ಮೇಲೂ ಸರ್ವಜ್ಞನ ಮುದ್ರೆಯೇ ಬಿದ್ದಿದೆ. ಗೌಡನನ್ನೋ ಗುರುವನ್ನೋ ಹಳಿಯಲಂಜುವವನಿಗೆ ಇಂತಹ ಮುದ್ರೆಯು ಒಳ್ಳೆಯ ರಕ್ಷೆಯೇ ಸರಿ!

ವಿದ್ವಾಂಸರು ಆತನನ್ನು 16ನೆಯ ಅಥವಾ 17ನೆಯ ಶತಮಾನದವನೆನ್ನುತ್ತಾರೆ. ಆ 17ನೆಯ ಶತಮಾನದಲ್ಲಿಯೇ ಇಟಲಿಯ ಚಿತ್ರಕಾರ ಸಾಲ್ವಾತೋರ್ ರೋಸಾ (1615–1673) ಎಂಬವನು ರೋಮ್ ನಗರದ ಡಂಭವನ್ನೂ ಹೊಗಳುಭಟ್ಟ ಕವಿಗಳನ್ನೂ ಹಳಿದು ವಿಡಂಬನಕಾವ್ಯಗಳನ್ನು ಬರೆದನು. ಅವನ್ನು ಗೆಳೆಯರ ಮುಂದೆ ಓದುತ್ತಿದ್ದನು, ಅಚ್ಚಾದುದು ಮರಣಾನಂತರ. ಆದರೂ ರೋಸಾನಿಗೆ ಫ್ಲಾರೆನ್ಸಿನ ಮೆಡಿಚಿ ಪ್ರಭುಗಳ ಮನ್ನಣೆಯಿದ್ದಿತು. ನಮ್ಮವನಾದರೋ ತಿರಿದುಂಡು ಊರೂರು ಅಲೆದವನೆಂದು ಐತಿಹ್ಯ.

ಚೆದುರಿದ್ದ ತ್ರಿಪದಿಗಳನ್ನು ಶ್ರಮದಿಂದ ಕೂಡಿಸಿ 1924ರಲ್ಲಿ ಪ್ರಕಟಿಸಿದವರು ಕ್ರೈಸ್ತ ಪಾದ್ರಿಗಳಾಗಿದ್ದ ಉತ್ತಂಗಿ ಚನ್ನಪ್ಪನವರು. ಜಾತಿಮತಗಳ ಮೇಲಾಟವನ್ನು ನಕ್ಕು ಹಳಿದ ಕವಿಗೆ ಇವರಿಗಿಂತ ತಕ್ಕ ಸಂಪಾದಕರು ದೊರೆಯುತ್ತಿದ್ದರೇ? 1949ರಲ್ಲಿ ಕಲಬುರ್ಗಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠವು ಅವರಿಗೆ ಸಂದಿತು.

2009ರ ಆಗಸ್ಟಿನಲ್ಲಿ, ಬೆಂಗಳೂರಿನ ಹಲಸೂರಿನಲ್ಲಿ 18 ವರ್ಷ ಮುಸುಕಿನೊಳಗಿದ್ದ ತಿರುವಳ್ಳುವರ ಪ್ರತಿಮೆಯು ಅನಾವರಣಗೊಂಡಿತು. ನಾಲ್ಕು ದಿನಗಳ ತರುವಾಯ ಚೆನ್ನೈಯ ಅಯನಾವರದಲ್ಲಿ ಸರ್ವಜ್ಞನ ಪ್ರತಿಮೆಯ ಅನಾವರಣವಾಯಿತು. ತಿರಿದುಂಡವನು ಎರಡು ರಾಜ್ಯಗಳ ರಾಯಭಾರಿಯಾದನು! ಇದು ನಮಗೆ ಸಂತೋಷದ ಸಂಗತಿಯೇ. ಆದರೆ ಯಾರನ್ನು ಆತನು ಕುಟುಕಿದನೋ ಅವರೇ ಹಾರ ಹಾಕುವಾಗ ಕುಟುಕು ಎಲ್ಲಿ ಹೋಯಿತೆಂದು ಕೇಳಬೇಡವೇ? ಸಭೆಗಳಲ್ಲಿ ವಿದ್ಯೆಯನ್ನೂ ಕೃಷಿಯನ್ನೂ ಹೊಗಳುವ ಸೌಮ್ಯ ಪದ್ಯಗಳು ಮಾತ್ರ ಕೇಳಬರುತ್ತವೆ. ಹುಟ್ಟಿನ ಹಮ್ಮನ್ನೂ ಲೋಭಿಯನ್ನೂ ಕಪಟಸಂನ್ಯಾಸಿಯನ್ನೂ ಹಿಡಿದು ಜಗ್ಗುವವು ಹೊರಗುಳಿಯುತ್ತವೆ. ಹೆಣ್ಣನ್ನು ಕುರಿತು ಆತನ ಅಂಕಿತದಲ್ಲಿರುವ ಕೆಲವು ಮಾತುಗಳಂತೂ ನಮಗೆ ಒಪ್ಪಿಗೆಯಿಲ್ಲ. ಹಾಗೆಂದು ಅವನ್ನು ಮುಚ್ಚಿಡಬೇಕಾಗಿಯೂ ಇಲ್ಲ.

ದೇವನಹಳ್ಳಿ, ನೆಲಮಂಗಲ ಮೊದಲಾದ ತಾಲ್ಲೂಕುಗಳ ಅಧಿಕಾರಿಗಳಲ್ಲಿ ನಮ್ಮ ಬಿನ್ನಹವಿಷ್ಟೇ: ಬರುವ ಸರ್ವಜ್ಞ ಜಯಂತಿಯಂದು ಭಾಷಣಗಳನ್ನು ಕಿರಿದುಮಾಡಿ, ಜಾತಿಯನ್ನು ಕುರಿತ ತ್ರಿಪದಿಗಳನ್ನು ಶಾಲೆಯ ಮಕ್ಕಳಿಂದ ಗಟ್ಟಿಯಾಗಿ ಓದಿಸಲಿ, ತಾವು ಮುಂದಿನ ಸಾಲಿನಲ್ಲಿ ಕುಳಿತು ಕೇಳಲಿ.