ಹಳೆಯ ಒಡಲು, ಬೇರೆ ಅಡಿಗಟ್ಟು

ಕಾರ್ಖಾನೆಯಿಂದ ಹೊರಟ ಲಾರಿಯ ಬರಿಯ ಚಾಸಿಸ್ಸು ಹೆದ್ದಾರಿಯಲ್ಲಿ ಓಡುವುದನ್ನು ತಾವು ಎಂದಾದರೂ ಕಂಡಿರಬಹುದು. ಬಾಗಿಲಿಲ್ಲ, ಚಾವಣಿಯಿಲ್ಲ. ಎರಡು ಉದ್ದನೆಯ ಉಕ್ಕಿನ ತೊಲೆಗಳು, ಅವುಗಳ ಮೇಲೊಂದು ಎಂಜಿನ್ನು, ಅದರ ಹಿಂದೆ ಒಂದು ಆಸನ, ತಲೆಗೆ ವಸ್ತ್ರ ಸುತ್ತಿಕೊಂಡ ಚಾಲಕ. ಆ ಗಾಡಿ ಬಾಡಿ ಕಟ್ಟುವವರ ಷೆಡ್ಡಿಗೆ ಹೊರಟಿರುತ್ತದೆ. ಈ ನೋಟವನ್ನು ನೆನಪಿನಲ್ಲಿಟ್ಟುಕೊಂಡರೆ ಇಂದಿನ ವಿಷಯ ಅರ್ಧ ತಿಳಿದಂತೆಯೇ. ಚಾಸಿಸ್ ಎಂಬ ಅಡಿಗಟ್ಟು ಒಂದು. ಅದರ ಮೇಲೆ ಕೂರುವ ಒಡಲು ಇನ್ನೊಂದು. ಎರಡನ್ನೂ ಕೂಡಿಸಿ ಹಿಡಿದಿರುವುದು ಕೆಲವೇ ಬೋಲ್ಟುಗಳು. ಹಾಗಿದ್ದ ಮೇಲೆ ಒಂದು ಗಾಡಿಯ ಒಡಲನ್ನು ಬಿಚ್ಚಿ ಇನ್ನೊಂದರ ಅಡಿಗಟ್ಟಿನ ಮೇಲೆ ಏಕೆ ಕೂರಿಸಬಾರದು? ಅಮೆರಿಕದಲ್ಲಿ ಹಳೆಯ ಪಿಕಪ್ಪುಗಳ ಮೋಹಕ್ಕೆ ಬಿದ್ದವರು ಇದನ್ನು ಬಹುಕಾಲದಿಂದ ಮಾಡುತ್ತ ಬಂದಿದ್ದಾರೆ. ಮುಂದೆ ಇಬ್ಬರು ಮೂವರು ಕೂರುವ ಕ್ಯಾಬಿನ್ನು, ಹಿಂದೆ ಸಾಮಾನು ಹೇರುವ ತೆರೆದ ತೊಟ್ಟಿ, ಇದೇ ಪಿಕಪ್ಪು.

ಈ ಮೋಹಕ್ಕೆ ಹೆಚ್ಚಾಗಿ ಪಾತ್ರವಾದ ಗಾಡಿಗಳಲ್ಲಿ ಒಂದು, ಷೆವ್ರೊಲೆ ಕಂಪನಿಯು ೧೯೪೭ರ ಬೇಸಗೆಯಲ್ಲಿ ಹೊರತಂದು ೧೯೫೫ರ ಆರಂಭದವರೆಗೆ ತಯಾರಿಸಿದ ಪಿಕಪ್ಪು. ದುಂಡನೆಯ ಬಾನೆಟ್ಟು, ತುಂಬಿದ ಕೆನ್ನೆಗಳಂಥ ಮಡ್‌ಗಾರ್ಡುಗಳು, ಅಡ್ಡಪಟ್ಟಿಗಳ ಮುಖ. ಒಮ್ಮೆ ಕಂಡವರು ಮರೆಯುವ ರೂಪವಲ್ಲ. ಆದರೆ ರೂಪಕ್ಕೂ ನಡೆಗೂ ಸಂಬಂಧವಿಲ್ಲ. ಮುಂದಿನ ಎರಡು ಚಕ್ರಗಳನ್ನೂ ಒಂದೇ ಗಟ್ಟಿ ಅಚ್ಚು ಹೊತ್ತಿದೆ, ಅದನ್ನು ಕಮಾನು ಪಟ್ಟಿಗಳು ತಡೆದಿವೆ. ಒಂದು ಚಕ್ರ ಕುಣಿಗೆ ಇಳಿದರೆ ಮತ್ತೊಂದೂ ಕದಲುತ್ತದೆ. ನಾಲ್ಕೂ ಚಕ್ರಗಳಿಗೆ ಡ್ರಮ್ ಬ್ರೇಕು, ಎಲ್ಲಕ್ಕೂ ಒಂದೇ ಎಣ್ಣೆಯ ದಾರಿ. ಎಲ್ಲಾದರೂ ಒಂದು ಕೊಳವೆ ಒಡೆದರೆ ನಾಲ್ಕೂ ಬ್ರೇಕು ಹೋದಂತೆಯೇ. ವಿದ್ಯುತ್ತು ಆರು ವೋಲ್ಟಿನದು. ಹೊಲದ ದಾರಿಗೂ ಹಳ್ಳಿಯ ಸಂತೆಗೂ ಇಷ್ಟು ಸಾಕಿತ್ತು. ಅಮೆರಿಕದ ಇಂದಿನ ಮಹಾಹೆದ್ದಾರಿಗಳ ಜಾಲಕ್ಕೆ ಹಣ ಒದಗಿಸಿದ ಕಾನೂನು ಬಂದದ್ದು ೧೯೫೬ರಲ್ಲಿ, ಎಂದರೆ ಈ ಗಾಡಿಯ ತಯಾರಿಕೆ ನಿಂತ ಮೇಲೆ. ತನಗಾಗಿ ಕಟ್ಟದ ರಸ್ತೆಯಲ್ಲಿ, ತನ್ನ ಎರಡರಷ್ಟು ವೇಗದವರ ನಡುವೆ ಇದು ಓಡಬೇಕಾಗಿದೆ.

ಆದ್ದರಿಂದ ಬೇರೆ ಅಡಿಗಟ್ಟಿನ ಹುಡುಕಾಟ. ಹೆಚ್ಚಿನವರು ಆರಿಸುವುದು ಅದೇ ಕಂಪನಿಯ ಎಸ್-೧೦ ಎಂಬ ಚಿಕ್ಕ ಪಿಕಪ್ಪನ್ನು. ೧೯೮೨ರ ಮಾದರಿಯಿಂದ ೨೦೦೪ರವರೆಗೆ ಅಮೆರಿಕದಲ್ಲಿ ಅದು ಮಾರಾಟವಾಯಿತು; ಹಳೆಯವು ಅಗ್ಗಕ್ಕೆ ಸಿಗುತ್ತವೆ. ಅದರ ಮುಂದಿನ ಚಕ್ರಗಳು ಒಂದರ ಹಂಗಿಲ್ಲದೆ ಒಂದು ಏಳುತ್ತ ಇಳಿಯುತ್ತವೆ, ಮುಂದೆ ಡಿಸ್ಕ್ ಬ್ರೇಕುಗಳಿವೆ. ಹಳೆಯದರ ಅಂದಕ್ಕೆ ಹೊಸದರ ನಡಿಗೆ ಸೇರಲಿ ಎಂಬುದು ಬಯಕೆ. (ದಾನಿಯಾದ ಎಸ್-೧೦ಕ್ಕಾಗಿ ಕಣ್ಣೀರು ಹಾಕಿದವರನ್ನು ನಾನು ಕೇಳಿಲ್ಲ. ಚೆಲುವಿಲ್ಲದೆ ದುಡಿದವರ ಪಾಡು ಎಲ್ಲೆಲ್ಲೂ ಒಂದೇ.)

ಒಡಲನ್ನು ಎತ್ತಿ ಇಡುವುದು ಒಂದು ಮಧ್ಯಾಹ್ನದ ಕೆಲಸ. ಕಷ್ಟವಿರುವುದು ಅಳತೆಯಲ್ಲಿ. ಹಳೆಯ ಅರ್ಧ ಟನ್ನಿನ ಪಿಕಪ್ಪಿನಲ್ಲಿ ಮುಂದಿನ ಅಚ್ಚಿನಿಂದ ಹಿಂದಿನ ಅಚ್ಚಿಗೆ ೧೧೬ ಅಂಗುಲ. ಎಸ್-೧೦ ಮೂರು ಉದ್ದಗಳಲ್ಲಿ ಬಂದಿತು: ೧೦೮.೩, ೧೧೭.೯ ಮತ್ತು ೧೨೨.೯ ಅಂಗುಲ. ೧೧೬ ಇವುಗಳಲ್ಲಿ ಇಲ್ಲ. ನಡುವಿನ ಉದ್ದದ್ದನ್ನೇ ತಂದು, ಮುಂದಿನ ಚಕ್ರವನ್ನು ಮಡ್‌ಗಾರ್ಡಿನ ಕಮಾನಿನ ನಟ್ಟನಡುವೆ ನಿಲ್ಲಿಸಿದಿರಿ ಎನ್ನೋಣ. ಆಗ ಹಿಂದಿನ ಚಕ್ರ ತನ್ನ ಕಮಾನಿನಲ್ಲಿ ಎರಡು ಅಂಗುಲದಷ್ಟು ಹಿಂದಕ್ಕೆ ಸರಿದಿರುತ್ತದೆ. ಎರಡೇ ಅಂಗುಲ, ಆದರೆ ಬೀದಿಯಲ್ಲಿ ಹೋಗುವ ಮಗುವಿನ ಕಣ್ಣಿಗೂ ಅದು ಬೀಳುತ್ತದೆ. ಇದಕ್ಕೆ ಪರಿಹಾರ, ಹಿಂದಿನ ಅಚ್ಚನ್ನು ಹೊತ್ತ ಕಮಾನು ಪಟ್ಟಿಗಳ ಹಿಡಿಗಳನ್ನು ಕಿತ್ತು ಮುಂದಕ್ಕೆ ಕೂರಿಸುವುದು. ಇಲ್ಲವೇ ತೊಲೆಗಳನ್ನೇ ಕತ್ತರಿಸಿ, ಬೇಡದ ತುಂಡನ್ನು ತೆಗೆದು ಮತ್ತೆ ಬೆಸೆಯುವುದು. ಎರಡನೆಯದು ಎಲ್ಲರ ಕೈಯ ಕೆಲಸವಲ್ಲ. ಗಾಡಿಯ ಭಾರವನ್ನೂ ಬ್ರೇಕು ಒತ್ತಿದಾಗಿನ ಜಗ್ಗಾಟವನ್ನೂ ಆ ಒಂದು ಬೆಸುಗೆಯೇ ಹೊರಬೇಕು. ಬಲ್ಲವರು ತೊಲೆಯನ್ನು ನೇರವಾಗಿ ಅಡ್ಡ ಕತ್ತರಿಸದೆ ಮೆಟ್ಟಿಲಿನಂತೆ ಕತ್ತರಿಸಿ, ಬೆಸುಗೆಯ ಗೆರೆಯನ್ನು ಉದ್ದಕ್ಕೆ ಹರಡಿ, ಒಳಬದಿಗೆ ಉಕ್ಕಿನ ತಗಡನ್ನು ಆಸರೆ ಕೊಡುತ್ತಾರೆ. ಕತ್ತರಿಸುವ ಮೊದಲು ಗಾರೆಯವನ ತೂಗುಗುಂಡನ್ನು ಇಳಿಬಿಟ್ಟು ನೆಲದ ಮೇಲೆ ಗುರುತು ಹಾಕಿ, ಮೂಲೆಯಿಂದ ಎದುರು ಮೂಲೆಗೆ ಎರಡೂ ಕರ್ಣಗಳನ್ನು ಅಳೆಯುತ್ತಾರೆ. ಅವು ಸಮವಿಲ್ಲದಿದ್ದರೆ ಗಾಡಿ ಬಾಳೆಲ್ಲ ಸೊಟ್ಟಗೇ ನಡೆಯುತ್ತದೆ.

ಇನ್ನೊಂದು ಸೂಕ್ಷ್ಮ ಕ್ಯಾಬಿನ್ನಿನದು. ಅಡಿಗಟ್ಟು ಕಲ್ಲಿನಂತೆ ಸ್ಥಿರವಲ್ಲ. ಉಬ್ಬುತಗ್ಗಿನಲ್ಲಿ ಅದು ತುಸು ತಿರುಚುತ್ತದೆ. ಕ್ಯಾಬಿನ್ನನ್ನು ಅದಕ್ಕೆ ನೇರವಾಗಿ ಬೆಸೆದುಬಿಟ್ಟರೆ ಆ ತಿರುಚು ತಗಡಿಗೆ ಏರಿ, ಬಾಗಿಲ ಕಂಬದ ಮೂಲೆಯಲ್ಲಿ ಬಿರುಕಾಗಿ ಕಾಣಿಸಿಕೊಳ್ಳುತ್ತದೆ. ಹೊಸ ಹಿಡಿಗಳನ್ನು ಅಡಿಗಟ್ಟಿಗೆ ಬೆಸೆದು, ಅವುಗಳಿಗೂ ಕ್ಯಾಬಿನ್ನಿಗೂ ನಡುವೆ ರಬ್ಬರಿನ ದಿಂಡುಗಳನ್ನು ಇಡಬೇಕು. ಬಾಗಿಲ ಬಾಯಿಗಳಿಗೆ ಒಳಗಿನಿಂದ ಅಡ್ಡಸಲಾಕೆ ಕೊಟ್ಟೇ ಕ್ಯಾಬಿನ್ನನ್ನು ಎತ್ತಬೇಕು. ತುಕ್ಕು ತಿಂದ ಹಳೆಯ ತಗಡು ಎತ್ತುವಾಗಲೇ ಜೋಲುತ್ತದೆ. ಉಳಿದದ್ದು ಹೊಂದಾಣಿಕೆಯ ಮಾತು: ಸ್ಟೀರಿಂಗಿನ ದಂಡಕ್ಕೆ ಹೊಸ ಕೀಲು, ರೇಡಿಯೇಟರಿಗೆ ಹೊಸ ಆಧಾರ, ಹನ್ನೆರಡು ವೋಲ್ಟಿಗೆ ತಕ್ಕ ದೀಪಗಳು.

ಕಾರ್ನಾಡರ ‘ಹಯವದನ’ವನ್ನು ಬಲ್ಲವರಿಗೆ ಇಷ್ಟು ಹೊತ್ತಿಗೆ ದೇವದತ್ತ ಕಪಿಲರ ನೆನಪು ಬಂದಿರಬೇಕು. ತಲೆಗಳು ಅದಲುಬದಲಾದಾಗ ಗಂಡ ಯಾರು ಎಂಬ ಪ್ರಶ್ನೆಗೆ ಬೇತಾಳನ ಕಥೆಯ ಉತ್ತರ, ತಲೆಯೇ ಉತ್ತಮಾಂಗ, ತಲೆ ಇದ್ದವನೇ ಗಂಡ ಎಂದು. ನಾಟಕದಲ್ಲಿ ಕಾಲ ಕಳೆದಂತೆ ಮೈ ತಲೆಯ ಹಾದಿಗೆ ಬರುತ್ತದೆ. ಟ್ರಕ್ಕಿನಲ್ಲಿ ನಡೆಯುವುದು ತಿರುವುಮುರುವು. ಮುಖ ಹಳೆಯದೇ ಇರುತ್ತದೆ. ನಡೆ, ನಿಲುವು, ಸದ್ದು ಎಲ್ಲವೂ ಅಡಿಗಟ್ಟಿನವು.

ಈ ಪ್ರಶ್ನೆ ಬರಿಯ ವಿನೋದವಲ್ಲ. ಸರ್ಕಾರವೂ ಅದನ್ನೇ ಕೇಳುತ್ತದೆ. ಆ ಷೆವ್ರೊಲೆಯ ಸಂಖ್ಯಾಫಲಕ ಇರುವುದು ಬಾಗಿಲ ಕಂಬದಲ್ಲಿ, ಎಂದರೆ ಒಡಲಿನಲ್ಲಿ. ಎಸ್-೧೦ರ ಹದಿನೇಳು ಅಕ್ಷರಾಂಕಿಗಳ ಸಂಖ್ಯೆ ಅದರ ಡ್ಯಾಷ್‌ಬೋರ್ಡಿನಲ್ಲಿದೆ. ಅಡಿಗಟ್ಟಿನ ಮೇಲೂ ಅದರ ಗುರುತು ಕೊರೆದಿರುತ್ತದೆ. ಕೂಡಿಸಿದ ಗಾಡಿ ಯಾವುದು, ೧೯೫೦ರದೋ ೧೯೯೦ರದೋ? ಅಲ್ಲಿನ ಒಂದೊಂದು ರಾಜ್ಯದ್ದು ಒಂದೊಂದು ನಿಯಮ. ಕ್ಯಾಲಿಫೋರ್ನಿಯದಂಥ ಕಡೆ ‘ವಿಶೇಷವಾಗಿ ನಿರ್ಮಿಸಿದ ವಾಹನ’ ಎಂಬ ಬೇರೆ ವರ್ಗವೇ ಇದೆ. ಕಳ್ಳಗಾಡಿಗಳನ್ನು ತಡೆಯಲು ೧೯೮೪ರಲ್ಲಿ ಬಂದ ಒಕ್ಕೂಟದ ಕಾನೂನಿನಂತೆ ಸಂಖ್ಯೆಯನ್ನು ಅಳಿಸುವುದೂ ತಿದ್ದುವುದೂ ಅಪರಾಧ. ವರ್ಷಗಟ್ಟಲೆ ದುಡಿದು ಮುಗಿಸಿದ ಗಾಡಿಗೆ ಕಾಗದವಿಲ್ಲದಿದ್ದರೆ ಅದು ಅಂಗಳದ ಅಲಂಕಾರವಷ್ಟೇ. ನಮ್ಮಲ್ಲಿ ಗೊಂದಲ ಕಡಿಮೆ: ನೋಂದಣಿ ಕಚೇರಿ ಗುರುತಿಸುವುದು ಚಾಸಿಸ್ ಸಂಖ್ಯೆಯನ್ನು. ತಯಾರಕರು ಕೊಟ್ಟ ಮೂಲ ವಿವರಗಳಿಗೆ ವಿರುದ್ಧವಾಗಿ ಗಾಡಿಯನ್ನು ಬದಲಿಸಲು ೧೯೮೮ರ ಮೋಟಾರು ವಾಹನ ಕಾಯಿದೆಯ ೫೨ನೆಯ ಕಲಮು ಅಡ್ಡಿ. ೨೦೧೯ರಲ್ಲಿ ಸುಪ್ರೀಂ ಕೋರ್ಟೂ ಅದನ್ನು ಬಿಗಿಯಾಗಿಯೇ ಓದಿತು.

ನನ್ನನ್ನು ಕೇಳಿದರೆ, ಕತ್ತರಿಸುವ ಮೊದಲು ಹಳೆಯ ಅಡಿಗಟ್ಟನ್ನೇ ಒಂದು ದಿನ ಉಜ್ಜಿ, ಬಡಿದು ನೋಡುವುದು ಮೇಲು. ಆ ಕಾಲದ ತೊಲೆಗಳು ದಪ್ಪ. ತಗಡೆಲ್ಲ ತೂತಾದರೂ ಅವು ಗಟ್ಟಿಯಾಗಿ ಉಳಿದಿರುವುದುಂಟು. ಅಂಥದಕ್ಕೆ ಮುಂಭಾಗವನ್ನು ಮಾತ್ರ ಹೊಸದಾಗಿ ಕೂರಿಸಬಹುದು. ೧೯೭೪ರಿಂದ ೧೯೭೮ರವರೆಗೆ ಬಂದ ಫೋರ್ಡ್ ಮಸ್ಟಾಂಗ್-೨ ಕಾರಿನ ಮಾದರಿಯಲ್ಲಿ ಮಾಡಿದ ಸಿದ್ಧ ಜೋಡಣೆಗಳು ಅಲ್ಲಿ ಸಿಗುತ್ತವೆ. ಡಿಸ್ಕ್ ಬ್ರೇಕು ಅದರೊಡನೆಯೇ ಬರುತ್ತದೆ. ಅಳತೆ ಕೆಡುವುದಿಲ್ಲ, ಕಾಗದದ ತಂಟೆಯೂ ತೀರ ಕಡಿಮೆ. ಚಳಿಗಾಲದಲ್ಲಿ ಹಿಮ ಕರಗಿಸಲು ರಸ್ತೆಗೆ ಉಪ್ಪು ಎರಚುವ ಉತ್ತರದ ರಾಜ್ಯಗಳಲ್ಲಿ ಕೊಳೆತ ತೊಲೆಗಳ ಮಾತು ಬೇರೆ. ಅಲ್ಲಿ ಬದಲಿಸದೆ ಗತಿಯಿಲ್ಲ. ಹಾಗೆ ಬದಲಿಸುವವರಲ್ಲಿಯೂ ಕೆಲವರು ಹಳೆಯ ಅಡಿಗಟ್ಟನ್ನು ಗುಜರಿಗೆ ಕೊಡದೆ, ಎಣ್ಣೆ ಬಳಿದು ಕೊಟ್ಟಿಗೆಯ ಗೋಡೆಗೆ ಒರಗಿಸಿಡುತ್ತಾರೆ.